ತಂಗಿಯ ಪಾಠ

ಸ್ಯಾನ್ ಡಿಯೇಗೊದ ನಮ್ಮ ಪಕ್ಕದ ಮನೆಯಲ್ಲಿ ಐರ್ಲೆಂಡಿನಿಂದ ಬಂದ ಆಂಟಿಯೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ. ೨೦೨೦ರ ಲಾಕ್‌ಡೌನ್‌ನಲ್ಲಿ, ಟೊರ್ರಿ ಪೈನ್ಸ್‌ನ ನನ್ನ ಲ್ಯಾಬ್ ಮುಚ್ಚಿ ನಾನು ಮನೆಯಲ್ಲೇ ಕೂತಿದ್ದಾಗ, ಅವರ ಪಿಟೀಲು ಬೇಲಿ ದಾಟಿ ಕೇಳಿಸತೊಡಗಿತು. ನಾನೂ ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಪಿಟೀಲು ಕಲಿತವಳು. ಒಂದು ಸಂಜೆ ನನ್ನದನ್ನು ಹಿತ್ತಲಿಗೆ ತಂದು, ಚಕ್ಕಳಮಕ್ಕಳ ಹಾಕಿ ಕೂತು, ಅವರು ನುಡಿಸಿದ್ದನ್ನೇ ನುಡಿಸಲು ನೋಡಿದೆ. ಆಚೆಯಿಂದ ನಗು ಬಂತು.

“ಸ್ವರ ಸರಿಯಿದೆ. ಆದ್ರೆ ಇದಕ್ಕೆ ಜನ ಕುಣೀಬೇಕು. ನೀನು ನುಡಿಸಿದ್ರೆ ಕೈ ಮುಗೀತಾರೆ!”

ಅಂದಿನಿಂದ ಬೇಲಿಯಾಚೆಯಿಂದಲೇ ನನಗೆ ಅದನ್ನು ಕಲಿಸತೊಡಗಿದರು. ಅದು ರೀಲ್. ಕುಣಿತಕ್ಕೆಂದೇ ಇರುವ ಅವರ ಕಡೆಯ ಧಾಟಿ. ಎರಡೇ ಭಾಗ, ಅದನ್ನೇ ಸುತ್ತಿ ಸುತ್ತಿ ನುಡಿಸುವುದು. ಆಂಟಿಗೂ ಗ್ಲೆಂಡೇಲ್‌ನಲ್ಲಿದ್ದ ಅವರ ತಂಗಿಗೂ ಅಪ್ಪನೇ ಕಲಿಸಿದ್ದು. ಆದರೆ ಆಂಟಿಯ ಪಾಠದಲ್ಲಿ ಎರಡನೆಯ ಭಾಗ ಮೇಲಕ್ಕೇರುತ್ತಿತ್ತು, ತಂಗಿಯದರಲ್ಲಿ ಕೆಳಗಿಳಿಯುತ್ತಿತ್ತು. ಕೀರ್ತನೆಗಳಿಗೆ ಪಾಠಾಂತರ ಇರುವುದು ನನಗೇನೂ ಹೊಸದಲ್ಲ. ಈ ಅಕ್ಕತಂಗಿಯರು ಮಾತ್ರ ಅದರ ಮೇಲೆ ವರ್ಷಗಟ್ಟಲೆ ಜಗಳವಾಡಿದ್ದರು. ಅಪ್ಪ ನುಡಿಸುತ್ತಿದ್ದುದು ಹೀಗೆಯೇ ಎಂದು ಇಬ್ಬರಿಗೂ ಹಟ. ಒಮ್ಮೆ ತಂಗಿ ಫೋನಿನಲ್ಲೇ ನುಡಿಸಿ ತೋರಿಸಿದಾಗ ನನ್ನ ಗಂಡ ಕನ್ನಡದಲ್ಲಿ, “ಇಷ್ಟಕ್ಕೇನಾ ಜಗಳ? ನಂಗೆ ಎರಡೂ ಒಂದೇ ಥರ ಕೇಳ್ಸುತ್ತಪ್ಪ” ಎಂದ. ಏನಂದ ಎಂದು ಆಂಟಿ ಕೇಳಿದರು. ಎರಡೂ ಚೆನ್ನಾಗಿವೆಯಂತೆ ಎಂದೆ.

“ನೀವು ನಿಮ್ಮ ತಂಗಿ ಥರ ಒಂದ್ಸಲ ನುಡಿಸಿ ಆಂಟಿ.”

“ನಂಗೆ ಬರಲ್ಲ. ತಪ್ಪನ್ನ ಯಾರಾದ್ರೂ ಕಲೀತಾರಾ?”

ಆ ಚಳಿಗಾಲ ತಂಗಿಗೆ ಕೋವಿಡ್ ತಗುಲಿತು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನರ್ಸ್ ಫೋನ್ ಮಾಡಿ, ವಿಡಿಯೋದಲ್ಲಿ ತೋರಿಸುತ್ತೇನೆ, ಹೇಳುವುದಿದ್ದರೆ ಹೇಳಿಬಿಡಿ ಎಂದಳು. ನಾನು ಮಾಸ್ಕ್ ಹಾಕಿಕೊಂಡು ಆಂಟಿಯ ಹಿತ್ತಲಿಗೆ ಹೋಗಿ ಫೋನ್ ಹಿಡಿದು ನಿಂತೆ. ಪರದೆಯಲ್ಲಿ ಕಣ್ಣು ಮುಚ್ಚಿದ ಮುಖ, ಬಾಯಿಗೆ ಕೊಳವೆ. ಆಂಟಿ ಪಿಟೀಲು ಭುಜಕ್ಕೇರಿಸಿದರು. ಮೊದಲ ಭಾಗ ಮುಗಿಯಿತು. ಎರಡನೆಯದು ಮೇಲಕ್ಕೇರಲಿಲ್ಲ; ಮೆಲ್ಲಗೆ ಕೆಳಗಿಳಿಯಿತು. ತಂಗಿಯ ಪಾಠ. ಒಂದು ಸ್ವರವೂ ಆಚೀಚೆಯಾಗಲಿಲ್ಲ. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಅವಳ ಹುಬ್ಬು ಅಲುಗಾಡ್ತು, ಅಲ್ವಾ?” ಎಂದು ಆಮೇಲೆ ಕೇಳಿದರು.

ನನಗೆ ಕಂಡಿರಲಿಲ್ಲ. “ಹೌದು ಆಂಟಿ” ಎಂದೆ.

ಮಾರನೆಯ ದಿನ ತಂಗಿ ಹೋದರು.

ಎಷ್ಟೋ ತಿಂಗಳು ಬೇಲಿಯಾಚೆ ಸದ್ದೇ ಇರಲಿಲ್ಲ. ಕೊನೆಗೆ ನಾನೇ ಕರೆದೆ. ಬಂದು ನುಡಿಸಿದರು, ಆದರೆ ತಂಗಿಯದನ್ನೇ. ನಿಮ್ಮದನ್ನು ನುಡಿಸಿ ಎಂದಾಗ ಕಮಾನು ಇಳಿಸಿ, “ಅದು ತಪ್ಪು ಅಂತ ಕಿರುಚೋಕೆ ಈಗ ಯಾರಿದ್ದಾರೆ?” ಎಂದರು.

ಆಂಟಿ ಈಗ ವೆಸ್ಟ್ ಕೊವಿನಾದಲ್ಲಿ ಮಗಳ ಜೊತೆ ಇದ್ದಾರೆ. ಬೆರಳು ಮಡಚಲು ಆಗುವುದಿಲ್ಲ, ಮರೆವೂ ಶುರುವಾಗಿದೆ. ಕಳೆದ ಬಾರಿ ಡ್ರೈವ್ ಮಾಡಿಕೊಂಡು ಹೋದಾಗ ಪಿಟೀಲು ಒಯ್ದು, ಅವರು ಬೇಲಿಯಾಚೆಯಿಂದ ಕಲಿಸಿದ್ದ ಹಾಗೇ, ಎರಡನೆಯ ಭಾಗ ಮೇಲಕ್ಕೇರಿಸಿ, ಆ ರೀಲ್ ನುಡಿಸಿದೆ. ಆಂಟಿಯ ಕಾಲು ತಾಳ ಹಾಕುತ್ತಿತ್ತು.

“ಚೆನ್ನಾಗಿದೆ. ಯಾರು ಕಲಿಸಿದ್ದು ನಿಂಗೆ?”

ನಾನು ಕಮಾನು ಕೆಳಗಿಟ್ಟೆ. ಮಗಳೇ ಹತ್ತಿರ ಬಂದು, “ನೀನೇ ಅಮ್ಮಾ” ಎಂದಳು.

ಆಂಟಿ ನಂಬಲಿಲ್ಲ.