ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ

ನಿಂಗಪ್ಪ ಹೊಸಮನಿ ತನ್ನ ತಂಗಿಯ ಕೈಗೆ ಸಿಗದೇ ಹೋದದ್ದು ನನ್ನಿಂದ. ಅವನ ತಂಗಿ ಶಾಂತವ್ವ ಇವತ್ತಿಗೂ ಅದನ್ನು ಹಣೆಬರಹ ಎನ್ನುತ್ತಾಳೆ. ಹಾಗೆ ಅನ್ನಲು ನಾನು ಬಿಟ್ಟಿದ್ದೇನೆ — ಇಷ್ಟು ವರ್ಷ, ಬಾಯಿಗೆ ಬೀಗ ಹಾಕಿಕೊಂಡು. ಅವಳು ನನಗೆ ಕೈಮುಗಿದಾಗಲೂ ಸುಮ್ಮನಿದ್ದೆ. ಅವಳು ಕೈಮುಗಿದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಕುಂದಲಹಳ್ಳಿ. ರಾಗಿ ಹೊಲ ಹೋದ ಮೇಲೆ ಅಪ್ಪ ರಸ್ತೆ ಪಕ್ಕಕ್ಕೆ ಮೂರಂತಸ್ತಿನ ಮನೆ ಕಟ್ಟಿಸಿದರು, ಹಿಂದುಗಡೆ ಶೀಟು ಹೊದಿಸಿದ ಆರು ರೂಮು. ಆ ರೂಮುಗಳಿಗೆ ಕಟ್ಟಡದ ಕೆಲಸಕ್ಕೆಂದು ಕೊಪ್ಪಳ, ಗದಗದ ಕಡೆಯವರು ಬರುತ್ತಿದ್ದರು. ನಾನು ಮೊದಲನೇ ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಬ್ಲಾಗು ಬರೆಯುವುದು ಹೇಗೆ, ಸೋಷಿಯಲ್ ಮೀಡಿಯಾದಲ್ಲಿ ಜನರನ್ನು ಸೇರಿಸುವುದು ಹೇಗೆ, ಹುಡುಕಾಟದಲ್ಲಿ ನಿಮ್ಮ ಸೈಟು ಮೊದಲ ಪುಟಕ್ಕೆ ಬರುವುದು ಹೇಗೆ — ಈ ಸಲಹೆಗಳಿಗೇ ಒಂದು ಸೈಟು, ಭಾನುವಾರ ಒಂದು ತರಗತಿ. ವೈಟ್‌ಫೀಲ್ಡ್, ಬೆಳ್ಳಂದೂರಿನ ದೊಡ್ಡ ಕಂಪನಿಗಳ ಹುಡುಗ ಹುಡುಗಿಯರು ಬಂದು ಕೂರುತ್ತಿದ್ದರು. ನನಗೆ 'ಸಾರ್' ಅನ್ನಿಸಿಕೊಳ್ಳುವ ಚಟ ಹತ್ತಿತ್ತು.

ಶಾಂತವ್ವ ಹಿಂದಿನ ಮೂರನೇ ರೂಮಿನಲ್ಲಿದ್ದಳು. ಗಂಡ ಇರಲಿಲ್ಲ, ಒಬ್ಬ ಮಗಳು, ಜೊತೆಗೆ ಅಣ್ಣ ನಿಂಗಪ್ಪ. ಅವಳು ಒಂದು ಟೆಕ್ ಪಾರ್ಕಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು, ಅವನು ಗಾರೆ ಕೆಲಸಕ್ಕೆ. ನಲವತ್ತರ ಆಸುಪಾಸಿನ ಗಂಡಸು. ಹುಟ್ಟಿನಿಂದ ಕಿವುಡ, ಮೂಗ. ಗೋಡೆಗೆ ಗಿಲಾವು ಮಾಡಿದರೆ ಅಂಗೈಯಿಂದ ಸವರಿ ನೋಡಬೇಕು ಅನ್ನಿಸುವಷ್ಟು ನುಣುಪು. ಅವನಿಗೆ ಬರೆಯಲು ಬರುತ್ತಿದ್ದದ್ದು ಒಂದೇ — ತನ್ನ ಹೆಸರು. ಚಿಕ್ಕಂದಿನಲ್ಲಿ ಶಾಂತವ್ವನೇ ಕಲಿಸಿದ್ದಂತೆ. ಅಕ್ಷರ ಆಚೀಚೆ ಓಡದಿರಲಿ ಅಂತ ನೆಲದ ಮೇಲೆ ಇದ್ದಿಲಿನಲ್ಲಿ ಒಂದು ಚೌಕ ಎಳೆದು, ಅದರೊಳಗೆ ಬರೆಸಿದ್ದಳು. ಆಮೇಲೆ ಅವನು ಎಲ್ಲಿ ಹೆಸರು ಬರೆದರೂ ಮೊದಲು ಚೌಕ, ಆಮೇಲೆ ಅಕ್ಷರ. ನಮ್ಮ ನೀರಿನ ತೊಟ್ಟಿಯ ಹಸಿ ಸಿಮೆಂಟಿನ ಮೇಲೂ ಹಾಗೇ ಬರೆದಿದ್ದ. ಅದು ಈಗಲೂ ಇದೆ.

ಒಂದು ದಿನ ಮೇಸ್ತ್ರಿ ನಿಂಗಪ್ಪನನ್ನೂ ಜೊತೆಯ ಗಾರೆಯವರನ್ನೂ ಟೆಂಪೋದಲ್ಲಿ ಮುಳಬಾಗಿಲ ಕಡೆ ಕೆಲಸಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ನಿಂಗಪ್ಪ ಹಿತ್ತಲ ಕಡೆ ಹೋಗಿದ್ದ. ಡ್ರೈವರ್ ಎರಡು ಸಲ ಹಾರ್ನ್ ಮಾಡಿ, ಎಲ್ಲರೂ ಹತ್ತಿರಬೇಕು ಅಂದುಕೊಂಡು ಹೊರಟುಬಿಟ್ಟ. ಕೆಲಸದ ಜಾಗದಲ್ಲಿ ಇಳಿದಾಗಲೇ ಗೊತ್ತಾದದ್ದು, ಒಬ್ಬ ಕಡಿಮೆ ಅಂತ. ತಿರುಗಿ ಹೋದರೆ ಅವನಿಲ್ಲ.

ಶಾಂತವ್ವ ಪೊಲೀಸ್ ಠಾಣೆಗೆ ಅಲೆದಳು, ಬಸ್ ನಿಲ್ದಾಣಗಳಿಗೆ ಅಲೆದಳು. ನಮ್ಮಮ್ಮ ನೋಡಿ ನೋಡಿ ಸಾಕಾಗಿ ನನ್ನ ಮೇಲೆ ರೇಗಿದಳು: "ಇಡೀ ದಿನ ಆ ಡಬ್ಬದ ಮುಂದೆ ಕೂತಿರ್ತೀಯಲ್ಲ, ಆ ಎಣ್ಮಗಳ ಅಣ್ಣನ್ನ ಉಡುಕಿಕೊಡಾಕಾಗಲ್ವೇನ್ಲಾ?"

ಆಗುತ್ತದೆ ಅಂದೆ. ಆಗುತ್ತಿತ್ತು ಕೂಡ — ಅದೇ ನನ್ನನ್ನು ಕೊಲ್ಲುವ ಮಾತು. ನಿಂಗಪ್ಪನಿಗಾಗಿ ಒಂದು ಪುಟ ಮಾಡಿದೆ. ಮೇಲೆ ಫೋಟೋ, ಶಾಂತವ್ವನ ಬಳಿ ಇದ್ದ ಒಂದೇ ಒಂದು ಫೋಟೋ, ಆಮೇಲೆ ಅವಳು ಠಾಣೆಗೆ ಕೊಟ್ಟದ್ದು. ಕೆಳಗೆ ಹೆಸರು, ಗುರುತು, ನನ್ನ ಫೋನ್ ನಂಬರು. ಲೆಕ್ಕಾಚಾರ ಸರಳವಾಗಿತ್ತು. ಅವನು ಯಾವ ಊರಿನಲ್ಲಿದ್ದರೂ ಯಾರ ಮುಂದಾದರೂ ತನ್ನ ಹೆಸರು ಬರೆದೇ ಬರೆಯುತ್ತಾನೆ. ಓದಿದವರು ಯಾರಾದರೂ ಆ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹಾಕಿ ನೋಡುತ್ತಾರೆ. ಆಗ ಈ ಪುಟ ಮೊದಲಿಗೆ ಬರಬೇಕು, ಅಷ್ಟೇ.

ಅದನ್ನು ನಾನು ಮೂರು ವಾರದಲ್ಲಿ ಮೊದಲಿಗೆ ತಂದೆ. ಬ್ಲಾಗು ಬರೆಯುವವರಿಗೆಲ್ಲ ಮೇಲ್ ಕಳಿಸಿದೆ. ಒಂದು ಕಾಲೇಜಿನವರು, ಕೆಲವು ಸೇವಾ ಸಂಸ್ಥೆಗಳವರು, ಒಂದೆರಡು ಪತ್ರಿಕೆಯ ಸೈಟಿನವರು ತಮ್ಮಲ್ಲಿಂದ ನಮ್ಮ ಪುಟಕ್ಕೆ ಕೊಂಡಿ, ಅಂದರೆ ಲಿಂಕ್, ಹಾಕಿದರು. ಒಳ್ಳೆಯ ಸೈಟುಗಳು ಕೊಂಡಿ ಹಾಕಿದಷ್ಟೂ ಸರ್ಚ್ ಎಂಜಿನ್ನಿಗೆ ಆ ಪುಟದ ಮೇಲೆ ನಂಬಿಕೆ ಹೆಚ್ಚು. ಅವರಿಗೆಲ್ಲ ನಾನೇ ಕೇಳಿಕೊಂಡಿದ್ದೆ: ನೀವು ಹೆಸರು, ವಿವರ ಬರೆಯಬೇಡಿ, ಕೊಂಡಿ ಮಾತ್ರ ಹಾಕಿ, ಒಂದೇ ವಿಷಯ ಹತ್ತು ಕಡೆ ಇದ್ದರೆ ನಮ್ಮ ಪುಟದ ಬಲ ಕುಗ್ಗುತ್ತದೆ. ಸಲಹೆ ಸರಿಯಾದದ್ದೇ. ಎಲ್ಲರೂ ಪಾಲಿಸಿದರು. ಹೀಗೆ ಇಡೀ ಇಂಟರ್ನೆಟ್ಟಿನಲ್ಲಿ ನಿಂಗಪ್ಪನ ಮನೆಗೆ ಒಂದೇ ಬಾಗಿಲು ಉಳಿಯಿತು, ಅದರ ಬೀಗದ ಕೈ ನನ್ನ ಹತ್ತಿರ.

ನಾನು ಅಷ್ಟಕ್ಕೇ ನಿಲ್ಲಲಿಲ್ಲ. ನಿಂಗಪ್ಪನ ಪುಟವನ್ನು ಭಾನುವಾರದ ತರಗತಿಯಲ್ಲಿ ಪಾಠ ಮಾಡಿಕೊಂಡೆ. ಗೋಡೆಯ ಮೇಲೆ ಅವನ ಮುಖ ದೊಡ್ಡದಾಗಿ ಬೀಳಿಸಿ, "ನೋಡಿ, ಮೂರೇ ವಾರ, ಒಂದು ಪೈಸೆ ಜಾಹೀರಾತಿಲ್ಲ" ಅನ್ನುತ್ತಿದ್ದೆ. ಹಿಂದಿನ ಸಾಲಿನಿಂದ "ಸಕ್ಕತ್ ಸಾರ್!" ಅಂತ ಕೇಳಿಬರುತ್ತಿತ್ತು. ಕೆಳಗೆ ಮೆಟ್ಟಿಲ ಮೇಲೆ ಶಾಂತವ್ವ ಕೂತಿರುತ್ತಿದ್ದಳು — ಭಾನುವಾರ ಅವಳಿಗೆ ರಜೆ — ತರಗತಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುವುದಕ್ಕೆ. "ಏನರ ಬಂತೇನ್ರಿ ಅಣ್ಣಾರ?"

"ನೋಡ್ತಾ ಇದ್ದಾರೆ ಅಕ್ಕ, ದಿನಾ ನೂರಾರು ಜನ ನೋಡ್ತಾ ಇದ್ದಾರೆ" ಅನ್ನುತ್ತಿದ್ದೆ. ಆಗ ಅದು ನಿಜವಿತ್ತು.

ನನ್ನ ಸ್ವಂತ ಸಲಹೆಯ ಸೈಟು ಮಾತ್ರ ಎರಡನೇ ಪುಟದಿಂದ ಮೇಲೇಳುತ್ತಿರಲಿಲ್ಲ. ಮೊದಲ ಪುಟಕ್ಕೆ ತರುವುದನ್ನು ಕಲಿಸುವವನೇ ಎರಡನೇ ಪುಟದಲ್ಲಿ! ನಾಚಿಕೆಯಾಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ನಿಂಗಪ್ಪನ ಪುಟಕ್ಕೆ ಅಷ್ಟು ನಂಬಿಕೆ ಬಂದು ಬಿದ್ದಿತ್ತಲ್ಲ, ಅದರಲ್ಲಿ ಸ್ವಲ್ಪ ಈ ಕಡೆ ಹರಿಸಿಕೊಂಡರೆ ಯಾರಿಗೇನು ನಷ್ಟ — ಹೀಗೆ ಯೋಚಿಸಿದೆ. ಒಂದು ಮಧ್ಯಾಹ್ನ ಊಟ ಮಾಡಿ ಬಂದು, ಆ ಪುಟದ ಕೆಳಗೆ, ಅವನ ಫೋಟೋದ ಅಡಿಯಲ್ಲಿ, ನನ್ನ ಸೈಟಿಗೂ ನನ್ನ ಮೂವರು ಗೆಳೆಯರ ಸೈಟುಗಳಿಗೂ ಕೊಂಡಿಗಳನ್ನು ಬರೆದೆ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ. ಜನರ ಕಣ್ಣಿಗೆ ಕಾಣುವುದಿಲ್ಲ, ಯಂತ್ರ ಓದುತ್ತದೆ. ಈ ಕೆಲಸವನ್ನು ಎಂದೂ ಮಾಡಬೇಡಿ ಅಂತ ನನ್ನ ಸೈಟಿನಲ್ಲಿ ನಾನೇ ಉದ್ದಕ್ಕೆ ಬರೆದಿದ್ದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ನನ್ನ ಸೈಟು ಮೊದಲ ಪುಟಕ್ಕೆ ಬಂತು. ಒಂದೂವರೆ ತಿಂಗಳು ಮೆರೆದೆ.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ನಿಂಗಪ್ಪನ ಪುಟಕ್ಕೆ ಬಂದವರ ಸಂಖ್ಯೆ ಸೊನ್ನೆ. ಅವನ ಹೆಸರು ಹಾಕಿ ಹುಡುಕಿದೆ. ಬೇರೆ ಬೇರೆ ನಿಂಗಪ್ಪ ಹೊಸಮನಿಗಳು ಬಂದರು — ಒಬ್ಬ ಮೇಷ್ಟ್ರು, ಒಬ್ಬ ವಧು ಹುಡುಕುತ್ತಿದ್ದವನು. ನಮ್ಮವನಿಲ್ಲ. ಸರ್ಚ್ ಎಂಜಿನ್ನಿನವರು ಮೋಸ ಕಂಡುಹಿಡಿದು ಪುಟವನ್ನು ಪಟ್ಟಿಯಿಂದಲೇ ಕಿತ್ತುಹಾಕಿದ್ದರು. ಅವರಿಂದ ಎರಡು ಸಾಲಿನ ಸಂದೇಶ, ಜೊತೆಗೊಂದು ಅರ್ಜಿ. ಅರ್ಜಿಯಲ್ಲಿ ಒಂದು ಖಾಲಿ ಚೌಕ: ಏನು ತಪ್ಪು ಮಾಡಿದಿರಿ, ಯಾರ ಸಲುವಾಗಿ ಮಾಡಿದಿರಿ, ಒಪ್ಪಿಕೊಂಡು ಬರೆಯಿರಿ, ಮತ್ತೆ ಪರಿಶೀಲಿಸುತ್ತೇವೆ.

ಬರೆಯಬೇಕಿದ್ದದ್ದು ಅಷ್ಟೇ. ಐದು ಸಾಲು. ಆದರೆ ಬರೆದರೆ ನನ್ನ ಸೈಟಿನ ಹೆಸರು ನನ್ನ ಕೈಯಾರೆ ಕೊಟ್ಟಂತೆ, ಅದೂ ಪಟ್ಟಿಯಿಂದ ಹೋಗುತ್ತದೆ. ಭಾನುವಾರದ ಕುರ್ಚಿಗಳು ಖಾಲಿಯಾಗುತ್ತವೆ. ಬಿಳಿ ಅಕ್ಷರಗಳನ್ನು ಅಳಿಸಿ, ತಾನಾಗಿಯೇ ವಾಪಸ್ ಬರಬಹುದು ಅಂತ ಕಾದೆ. ಬರಲಿಲ್ಲ. ಹೊಸ ವಿಳಾಸದಲ್ಲಿ ಇನ್ನೊಂದು ಪುಟ ಮಾಡಬಹುದಿತ್ತು, ಅದಕ್ಕೊಂದು ಬೆಳಗು ಸಾಕಿತ್ತು. ವಿಳಾಸ ಏಕೆ ಬದಲಾಯಿತು ಅಂತ ತರಗತಿಯಲ್ಲಿ ಯಾರಾದರೂ ಕೇಳಿದರೆ? ಇದೇ ನನ್ನ ಭಯ — ಒಬ್ಬ ಮನುಷ್ಯ ಮನೆ ಸೇರುವುದಕ್ಕಿಂತ ದೊಡ್ಡ ಭಯ ನನಗೆ ಇದಾಗಿತ್ತು. ಮುಂದಿನ ವಾರ ಬರೆಯೋಣ, ಅದರ ಮುಂದಿನ ವಾರ... ತರಗತಿಯಲ್ಲಿ ಮಾತ್ರ ಪುಟ ಮೊದಲಿಗಿದ್ದ ಕಾಲದ ಹಳೆಯ ಚಿತ್ರವನ್ನೇ ಗೋಡೆಗೆ ಬೀಳಿಸಿ ಪಾಠ ಮುಂದುವರಿಸಿದೆ.

ಶಾಂತವ್ವ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. "ನೋಡ್ತಾ ಇದ್ದಾರೆ ಅಕ್ಕ." ಅವಳು ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋಗುತ್ತಿದ್ದಳು. ನಾನು ತಿನ್ನುತ್ತಿದ್ದೆ.

ವರ್ಷ ದಾಟಿದ ಮೇಲೆ ಠಾಣೆಯಿಂದ ಕರೆ ಬಂತು. ಚಿತ್ತೂರಿನ ಕಡೆಯ ಒಂದು ನಿರಾಶ್ರಿತರ ಆಶ್ರಮದಲ್ಲಿ ತೀರಿಕೊಂಡವರ ಫೋಟೋ ಪಟ್ಟಿ ಬಂದಿತ್ತು. ಅದರಲ್ಲಿ ನಿಂಗಪ್ಪ. ಶಾಂತವ್ವನ ಜೊತೆ ನಾನೇ ಹೋದೆ, ಅಮ್ಮ ಕಳಿಸಿದಳು. ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು, ದಾರಿಯ ಚಹಾದಂಗಡಿಗಳನ್ನು ಒಂದೂ ಬಿಡದೆ ನೋಡುತ್ತಿದ್ದಳು.

ಆಶ್ರಮದಲ್ಲಿ ಕೋಲಾರದ ಕಡೆಯ ಒಬ್ಬ ನರ್ಸಮ್ಮ ಇದ್ದರು. ಅಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ. ಊರೂರು ಅಲೆದು ನಿಂಗಪ್ಪ ಅಲ್ಲಿಗೆ ಸೇರಿದ ತಾರೀಖು ನೋಡಿದೆ: ನಮ್ಮ ಪುಟ ಪಟ್ಟಿಯಿಂದ ಹೋಗಿ ಎರಡು ವಾರವಾಗಿತ್ತು. ಐದು ತಿಂಗಳು ಅಲ್ಲಿದ್ದನಂತೆ, ಆಮೇಲೆ ಜ್ವರ ಬಂದು ಹೋದನಂತೆ. ಅವರು ಒಂದು ಮಡಿಸಿದ ಕಾಗದ ತಂದು ಶಾಂತವ್ವನ ಕೈಗಿಟ್ಟರು. ಒಂದು ಚೌಕ, ಅದರೊಳಗೆ ಹೆಸರು.

"ಬಂದ ದಿನಾನೇ ಬರ್ಕೊಟ್ರು. ನಾನು ಕಂಪ್ಯೂಟರ್‌ನಲ್ಲಿ ಹಾಕಿ ನೋಡ್ದೆ ಸಾರ್. ಒಂದ್ಸಲ ಅಲ್ಲ, ಹತ್ತು ಸಲ. ಕಾಣೆಯಾದೋರು ಅಂತ ಸೇರ್ಸಿದೆ, ಮಾತು ಬರಲ್ಲ ಅಂತ ಸೇರ್ಸಿದೆ. ಬೇರೆ ಯಾರ್ಯಾರೋ ಬಂದ್ರು, ಇವರು ಬರ್ಲಿಲ್ಲ. ಇವರನ್ನ ಹುಡುಕೋರು ಯಾರೂ ಇಲ್ವೇನೋ ಅಂದ್ಕೊಂಡೆ." ಅವರು ಶಾಂತವ್ವನ ಕೈಯಲ್ಲಿದ್ದ ಕಾಗದ ತೋರಿಸಿ ಹೇಳಿದರು: "ಅವರು ದಿನಾ ಆ ಕಾಗದ ತಂದು ತೋರ್ಸೋರು. ಕೊನೆಗೊಂದಿನ ಕೈಸನ್ನೆಯಲ್ಲಿ ಹೇಳ್ಬಿಟ್ಟೆ, ಯಾರೂ ಇಲ್ಲ ಅಂತ. ಆಮೇಲೆ ಅವರು ಹೆಸರು ಬರೆಯೋದೇ ಬಿಟ್ಬಿಟ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನನ್ನು ಯಾರೂ ಏನೂ ಅನ್ನದಿದ್ದರೂ ನನ್ನ ಕೈ ಹೆಗಲಿಗೆ ಹೋಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಶಾಂತವ್ವ ನರ್ಸಮ್ಮನ ಕಡೆ ತಿರುಗಿ, "ಇಲ್ರೀ, ಇವ್ರು ಭಾಳ ಮಾಡ್ಯಾರ ನಮಗ. ಇಂಟರ್ನೆಟ್‌ನ್ಯಾಗ ಹಾಕಿದ್ರು, ದಿನಾ ನೂರಾರು ಮಂದಿ ನೋಡ್ತಿದ್ರು. ನಮ್ಮ ಹಣೇಬರಾನ ಹಂಗೈತ್ರಿ" ಅಂದಳು. ಅಂದು, ನನಗೆ ಕೈಮುಗಿದಳು. ನಾನು ಬಾಯಿ ಮುಚ್ಚಿಕೊಂಡೆ.

ವಾಪಸ್ ಬಂದ ಮಾರನೆಯ ದಿನ ಆ ಅರ್ಜಿ ತೆಗೆದು ಐದು ಸಾಲು ಬರೆದೆ. ನನ್ನ ಸೈಟಿನ ಹೆಸರನ್ನೂ ಬರೆದೆ. ಮೂರು ವಾರದೊಳಗೆ ನಿಂಗಪ್ಪನ ಪುಟ ವಾಪಸ್ ಬಂತು, ಮೊದಲನೇ ಸ್ಥಾನಕ್ಕೇ ಬಂತು. ಅಷ್ಟು ಸುಲಭವಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ. ನನ್ನ ಸೈಟು ಹೋಯಿತು, ತರಗತಿ ನಿಂತಿತು. ಅದನ್ನು ಪ್ರಾಯಶ್ಚಿತ್ತ ಅಂತ ಯಾರೂ ಓದಬೇಡಿ, ಜನ ಬರಲಿಲ್ಲ, ನಿಲ್ಲಿಸಿದೆ. ಈಗ ಬಾಡಿಗೆದಾರರಿಗೆ ನೀರಿನ ಟ್ಯಾಂಕರ್ ಕರೆಸಿಕೊಂಡು ಇದ್ದೇನೆ.

ಶಾಂತವ್ವ ಮಗಳನ್ನು ಕರೆದುಕೊಂಡು ಊರಿಗೆ ಹೊರಟುನಿಂತಾಗ ಒಂದೇ ಮಾತು ಕೇಳಿದಳು. "ಆ ಪುಟ ತೆಗೀಬ್ಯಾಡ್ರಿ ಅಣ್ಣಾರ. ಠಾಣೇಕ ಕೊಟ್ಟ ಫೋಟೋ ತಿರುಗಿ ಕೊಡಲಿಲ್ಲ ಅವ್ರು. ನನ್ನ ಅಣ್ಣನ ಮುಖ ಅದರಾಗ ಅಷ್ಟ ಉಳದೈತಿ." ತೆಗೆದಿಲ್ಲ. ಅವನು ತೀರಿಕೊಂಡ ಅಂತ ಕೆಳಗೆ ಒಂದು ಸಾಲು ಸೇರಿಸಿದೆ, ಏಕೆ ಸಿಗಲಿಲ್ಲ ಅಂತ ಸೇರಿಸಲಿಲ್ಲ. ಪ್ರತಿ ವರ್ಷ ಅವನು ತೀರಿಕೊಂಡ ದಿನ ಪೂಜೆ ಮಾಡಿದಾಗ ಅವಳು ಫೋನ್ ಮಾಡುತ್ತಾಳೆ. ಮಗಳು ಮೊಬೈಲಿನಲ್ಲಿ ಆ ಪುಟ ತೆಗೆದು ಮುಂದಿಡುತ್ತಾಳಂತೆ, ಅದಕ್ಕೇ ಹೂವು ಏರಿಸುತ್ತಾರಂತೆ. "ನೀವಿದ್ದದ್ದಕ್ಕ ಇಷ್ಟರ ಉಳೀತ್ರಿ" ಅನ್ನುತ್ತಾಳೆ. ಈ ಸಲ ಹೇಳಿಬಿಡುತ್ತೇನೆ ಅಂತ ಪ್ರತಿ ಸಲವೂ ಅಂದುಕೊಂಡು, ಹೂಂ ಅಂದು ಫೋನಿಡುತ್ತೇನೆ.

ಬಾಯಿಂದ ಹೇಳುವ ಧೈರ್ಯ ನನಗೆ ಇನ್ನು ಬರುವುದಿಲ್ಲ. ಅದಕ್ಕೇ ಇದನ್ನೆಲ್ಲ ಬರೆದು ಆ ಪುಟದಲ್ಲೇ ಹಾಕುತ್ತಿದ್ದೇನೆ — ನಿಂಗಪ್ಪನ ಫೋಟೋದ ಅಡಿಯಲ್ಲಿ, ಆ ಬಿಳಿ ಅಕ್ಷರಗಳಿದ್ದ ಜಾಗದಲ್ಲೇ, ಕಪ್ಪು ಅಕ್ಷರದಲ್ಲಿ. ಅವನ ದಿನ ಬರುವುದು ಮುಂದಿನ ವಾರ. ಶಾಂತವ್ವನಿಗೆ ಹೆಸರು ಓದಿ ಬರೆಯುವಷ್ಟೇ ಅಕ್ಷರ ಗೊತ್ತು, ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳು ತಾಯಿಗೆ ಓದಿ ಹೇಳಲಿ. ಓದಿದ ಮೇಲೆ ಶಾಂತವ್ವ ಫೋನ್ ಮಾಡುವುದಿಲ್ಲ, ಗೊತ್ತು.