ದಿಲ್ಲಿಗೆ ಎರಡೂವರೆ ಗಂಟೆ

ಆ ಕಾಲದಲ್ಲಿ ನಮ್ಮ ಗೋಗಿ ಊರಿನವರಿಗೆ ವಿಮಾನವೆಂದರೆ ಆಕಾಶದಲ್ಲಿ ಎಳೆದ ಒಂದು ಬಿಳಿ ಗೆರೆ. ಅದು ಕಂಡರೆ ಕುಂಟಾಬಿಲ್ಲೆ ನಿಲ್ಲಿಸಿ ನಾವೆಲ್ಲ ಕೈ ಬೀಸುತ್ತಿದ್ದೆವು. ಮೇಲಿನವರು ಒಮ್ಮೆಯೂ ತಿರುಗಿ ಬೀಸಲಿಲ್ಲ. ಈ ಬಗ್ಗೆ ನನ್ನ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ಐದನೇ ತರಗತಿಯಲ್ಲಿ ಗಣಿತದ ಸರ್ ಬೋರ್ಡಿನ ಮೇಲೆ ಬರೆದರು: ಹೈದರಾಬಾದಿನಿಂದ ದಿಲ್ಲಿಗೆ ಸಾವಿರದ ಇನ್ನೂರೈವತ್ತು ಕಿಲೋಮೀಟರ್. ವಿಮಾನ ಗಂಟೆಗೆ ಆರುನೂರಾ ಇಪ್ಪತ್ತೈದು ಕಿಲೋಮೀಟರ್ ಹಾರಿದರೆ ಎಷ್ಟು ಹೊತ್ತು ಬೇಕು? ಮೊದಲು ಬಿಡಿಸಿದವರನ್ನು ಯಾದಗಿರಿಯ ಗಣಿತ ಸ್ಪರ್ಧೆಗೆ ಕರೆದೊಯ್ಯುವುದಾಗಿ ಸಾರಿದರು. ಯಾದಗಿರಿಯಲ್ಲಿ ರೈಲಿತ್ತು. ನಾನು ರೈಲು ನೋಡಿರಲಿಲ್ಲ.

ಮೊದಲು ಬಿಡಿಸಿದವಳು ನಾನೇ. ಉತ್ತರ: ಎರಡೂವರೆ ಗಂಟೆ.

"ಅರ್ಧ ತಾಸು ಎಲ್ಲಿಂದ ಬಂತವಾ?"

"ಚಹಾಕ್ಕರಿ."

"ಯಾರ ಚಹಾಕ್ಕ?"

"ಡ್ರೈವರನ ಚಹಾಕ್ಕರಿ."

ಸುರಪುರದ ಅತ್ತೆಯ ಮನೆಗೆ ಹೋಗುವಾಗ ಬಸ್ಸು ಶಹಾಪುರದಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಡೀಸೆಲ್ ವಾಸನೆಗೆ ಕಾದ ಎಣ್ಣೆಯ ವಾಸನೆ ಬೆರೆಯುತ್ತಿತ್ತು. ಡ್ರೈವರ್ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ, ಚಹಾ ಎಲ್ಲ ಮುಗಿಸಿದ ಮೇಲೆ ಕಂಡಕ್ಟರ್ "ಎಲ್ಲಾರೂ ಬಂದ್ರೇನ್ರಿ?" ಎಂದು ಕೂಗುತ್ತಿದ್ದ. ಯಾರಾದರೂ ಬರದಿದ್ದರೆ ಗಾಡಿ ಬಿಡುತ್ತಿರಲಿಲ್ಲ. ಸುರಪುರಕ್ಕೇ ಇಷ್ಟು ಬೇಕಾದ ಮೇಲೆ ದಿಲ್ಲಿಗೆ ಹೋಗುವವನು ಮನುಷ್ಯನಲ್ಲವೇ?

"ವಿಮಾನ ನಡುವ ನಿಂದ್ರಂಗಿಲ್ಲ," ಎಂದರು ಸರ್.

"ನೀವು ಹತ್ತೀರೇನ್ರಿ ಸರ್?"

ಸರ್ ಹತ್ತಿರಲಿಲ್ಲ. ಹಾಗಾಗಿ ನನ್ನ ಪ್ರಶ್ನೆ ಉದ್ಧಟತನವೆಂದು ತೀರ್ಮಾನವಾಯಿತು.

"ಅಳಸು. ಅಳಸಿದ್ರ ಯಾದಗಿರಿ. ಇಲ್ಲಂದ್ರ ಹೊರಗ."

ಹಣ್ಣಿನ ವಾಸನೆಯ ರಬ್ಬರು ಕೈಯಲ್ಲೇ ಇತ್ತು. ರೈಲು ಕಣ್ಣ ಮುಂದೆ ಒಮ್ಮೆ ಹಾದುಹೋಯಿತು. ರಬ್ಬರನ್ನು ಪಕ್ಕದ ಶರಣಮ್ಮನ ಕೈಗೆ ಕೊಟ್ಟು ಎದ್ದೆ.

"ಹುಚ್ಚಿ, ಅರ್ಧ ತಾಸಿನ ಸಲುವಾಗಿ ರೈಲು ಕಳ್ಕೋತಿಯಲ್ಲ," ಎಂದಳು ಮೆಲ್ಲಗೆ.

ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಯಾದಗಿರಿಗೆ ಅವಳು ಹೋದಳು. ಮರುದಿನವೂ ನಾನು ಹೊರಗೇ ಇದ್ದೆ; ಅವಳು ಸಪ್ಪೆ ಮುಖ ಮಾಡಿಕೊಂಡು ಮರದ ಹತ್ತಿರ ಬಂದಳು.

"ರೈಲು ನೋಡಿದೇನ?"

"ರೈಲು ಎಲ್ಲಿದು ಬಿಡು. ಪರೀಕ್ಷಿನೂ ಇಲ್ಲ. ಸರ್ ಕಿಲೋಮೀಟರ್ ಭಾಗಿಸಿ ಬಸ್ಸಿನ ಟೈಮ್ ಹಾಕ್ಯಾರ. ಶಹಾಪುರದಾಗ ಡ್ರೈವರ್ ಚಹಾಕ್ಕ ಇಳದ. ಸರ್ ಮೂರು ಸಲ ಕರದ್ರು. ಅಂವ ಇನ್ನೊಂದು ಪ್ಲೇಟ್ ಭಜಿ ತರಸ್ಕೊಂಡ. ನಾವು ಮುಟ್ಟೂದ್ರಾಗ ಬಾಗಲಾ ಹಾಕಿದ್ರು."

"ಎಷ್ಟು ತಡಾ ಆತು?"

ಶರಣಮ್ಮ ನೆಲ ನೋಡಿದಳು. "ಅರ್ಧ ತಾಸು."

ಹಿಂದೆಯೇ ಸರ್ ಬಂದರು. "ಒಳಗ ನಡಿ," ಎಂದು ಎಣ್ಣೆ ಹಿಡಿದ ಪೇಪರಿನ ಪೊಟ್ಟಣ ಕೈಗಿತ್ತರು. ಒಳಗೆ ಎರಡು ತಣ್ಣನೆಯ ಮಿರ್ಚಿ ಭಜಿ. ನನ್ನ ನೋಟಬುಕ್ಕಿನ ತಪ್ಪು ಗುರುತನ್ನು ಅವರು ತೆಗೆಯಲಿಲ್ಲ. ಉತ್ತರವನ್ನು ನಾನೂ ಅಳಿಸಲಿಲ್ಲ.

ಹೋದ ತಿಂಗಳು ಮೊದಲ ಬಾರಿ ಹೈದರಾಬಾದಿನಿಂದ ದಿಲ್ಲಿಗೆ ಹಾರಿದೆ. ಸರಿಯಾಗಿ ಎರಡು ಗಂಟೆ. ಪೈಲಟ್ ಚಹಾ ಕುಡಿದನೋ ಇಲ್ಲವೋ, ಅವನ ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಕೂತವನು ನನ್ನದು ಯಾವ ಊರೆಂದು ಕೇಳಲಿಲ್ಲ. ಕೆಳಗೆ ಯಾರಾದರೂ ಮಕ್ಕಳಿದ್ದಾರೇನೋ ಎಂದು ಕಿಟಕಿಯಿಂದ ಕೈ ಬೀಸಿದವಳು ನಾನೊಬ್ಬಳೇ.

ಸರ್ ಈಗಿಲ್ಲ. ಇಲ್ಲದವರಿಗೆ ಸೋಲುವುದು ಸುಲಭ. ಆದರೂ ನಾನು ಒಪ್ಪಲಿಲ್ಲ. ಹೊರಬಂದು ಚಹಾದಂಗಡಿಯ ಮುಂದೆ ಗಡಿಯಾರ ನೋಡುತ್ತ ಸರಿಯಾಗಿ ಅರ್ಧ ಗಂಟೆ ನಿಂತೆ. ಟ್ಯಾಕ್ಸಿಯವನನ್ನೂ ಚಹಾಕ್ಕೆ ಕರೆದೆ. ಟೈಮಿಲ್ಲ ಎಂದ.

ಎರಡೂವರೆ ಗಂಟೆ ತುಂಬಿತು. ನನ್ನ ಉತ್ತರವೇ ಸರಿ. ಎಲ್ಲಾರೂ ಬಂದ್ರೇನ್ರಿ ಎಂದು ಕೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.