ಸುಣ್ಣ ಹಚ್ಚುವ ಬದಿ

ಹಾನಗಲ್ಲಿನ ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆಯೊಂದರ ವಿಶೇಷಾಂಕ ಕೊಂಡೆ. ಗೆಳೆಯನ ಕಥೆ ಅಚ್ಚಾಗಿದೆ ಎಂದು ಖುಷಿಯಿಂದಲೇ ತೆರೆದೆ. ಎರಡನೇ ಪುಟದಲ್ಲಿ ಒಬ್ಬ ಹೆಂಗಸು ವೀಳ್ಯದೆಲೆಯ ಹೊಳೆಯುವ ಮೈಗೆ ಸುಣ್ಣ ಹಚ್ಚುತ್ತಿದ್ದಳು. ಅಲ್ಲಿಗೇ ನಿಂತೆ.

ನಮ್ಮ ಕಡೆ ಯಾರೂ ಹಾಗೆ ಹಚ್ಚುವುದಿಲ್ಲ. ಸುಣ್ಣ ಬೀಳುವುದು ಎಲೆಯ ಬೆನ್ನಿಗೆ, ನರ ಎದ್ದು ಕಾಣುವ ಬದಿಗೆ. ಜನ್ಮದಲ್ಲಿ ಎಲೆಯಡಿಕೆ ಹಾಕದ ನಾನು ನನ್ನ ಕಥೆಯಲ್ಲಿ ಹೀಗೇ ತಪ್ಪಾಗಿ ಬರೆದಿದ್ದೆ. ತಪ್ಪು ಗೊತ್ತಾಗುವಷ್ಟರಲ್ಲಿ ಕರಡು ಓದಲೆಂದು ಈ ಗೆಳೆಯನ ಕೈ ಸೇರಿತ್ತು, ಇದ್ದದ್ದು ಅದೊಂದೇ ಪ್ರತಿ. ವಾಪಸು ಬಂದ ಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದೆ. ಅವನೂ ಎಲೆ ತಿನ್ನುವವನಲ್ಲ. ಪುಣ್ಯಾತ್ಮ ನನ್ನ ದಡ್ಡತನವನ್ನೂ ಬಿಡದೆ ಎತ್ತಿಕೊಂಡಿದ್ದ.

ಅವನು ಹಂಸಭಾವಿಯವನು, ಹಿರೇಕೆರೂರಿನಲ್ಲಿ ಮೇಷ್ಟ್ರು. ನಾನು ಅಕ್ಕಿಆಲೂರಿನಲ್ಲಿ ಮೇಷ್ಟ್ರು. ಎಂಟು ವರ್ಷ ಭಾನುವಾರ ತಪ್ಪಿಸದೆ ಹಾನಗಲ್ಲಿನ ಒಂದು ಹೋಟೆಲಿನಲ್ಲಿ ಕೂತು, ಮಿರ್ಚಿ ತಿನ್ನುತ್ತ, ಒಬ್ಬರ ಕಥೆಯನ್ನು ಇನ್ನೊಬ್ಬರು ಓದಿದ್ದೇವೆ. ನನ್ನ ಹೆಂಡತಿಗೂ ತೋರಿಸದ ಹಾಳೆಗಳನ್ನು ಅವನಿಗೆ ಕೊಡುತ್ತಿದ್ದೆ. ಅಷ್ಟು ನಂಬಿದ್ದೆ.

ಆ ಭಾನುವಾರ ವಿಶೇಷಾಂಕವನ್ನು ಅವನೆದುರು ಮೇಜಿನ ಮೇಲೆ ಒಗೆದೆ. ಅವನು ಮೊದಲು ಚಹಾ ಹೇಳಿದ.

"ಕಳವು ಅಂತ ಯಾಕ ಅಂತಿ ದೋಸ್ತ? ಸ್ಫೂರ್ತಿ ಅನ್ನು. ಸವಣೂರು ತಗದು ಬಂಕಾಪುರ ಮಾಡೇನಿ. ನವಿಲು ಹಾಕೇನಿ. ನಿನ್ನ ಕತ್ಯಾಗ ನವಿಲು ಇದ್ದುವೇನು?"

ಇರಲಿಲ್ಲ. ಅವನ ಕಥೆಯಲ್ಲಿ ಎರಡು ನವಿಲು ಇದ್ದವು, ಎರಡಕ್ಕೂ ಕೆಲಸವಿರಲಿಲ್ಲ.

"ನನ್ನ ಕರಡು ಕೊಡು."

"ಎಲ್ಲೋ ಇಟ್ಟೇನಿ, ಹುಡುಕಬೇಕು." ಬಸಿಯಲ್ಲಿ ಚಹಾ ಆರಿಸುತ್ತ ನಿಧಾನವಾಗಿ ಕೇಳಿದ: "ಅದು ನಿಂದ ಅನ್ನಾಕ ಸಾಕ್ಷಿ ಏನೈತಿ?"

ಕಪಾಳಕ್ಕೆ ಹೊಡೆದಂತಾಯಿತು. ಕದ್ದದ್ದಕ್ಕಿಂತ ಈ ಮಾತೇ ಹೆಚ್ಚು ಸುಟ್ಟಿತು. ಸಾಕ್ಷಿ ಇದೆ, ಸವಣೂರಿನಲ್ಲಿ ಜೀವಂತ ಇದೆ ಎಂದು ಕೂಗಾಡಿ ಎದ್ದೆ.

ಸಾಕ್ಷಿ ಎಂದರೆ ನನ್ನ ಅಕ್ಕ. ಅವಳ ಗಂಡನ ಮನೆಯವರದು ಎಲೆಬಳ್ಳಿಯ ತೋಟ. ಹಿಂದೊಮ್ಮೆ ಮಾವ, ಅಂದರೆ ಅಕ್ಕನ ಗಂಡ, ನಾಲ್ಕು ಮಂದಿಯೆದುರು ನಮ್ಮ ಅವ್ವನನ್ನು ಹಗುರವಾಗಿ ಆಡಿದ್ದರಂತೆ. ಅಕ್ಕ ಜಗಳವಾಡಲಿಲ್ಲ, ಮಾತು ಬಿಟ್ಟಳು. ಊಟವಾದ ಮೇಲೆ ಅವರಿಗೆ ಕೊಡುವ ಎಲೆಯ ತೊಟ್ಟು ಮುರಿಯುವುದನ್ನೂ ಬಿಟ್ಟಳು. ಮಾವ ಒಂದು ತಿಂಗಳು ತೊಟ್ಟಿನ ಸಮೇತ ಅಗಿದರು, ಚಕಾರ ಎತ್ತಲಿಲ್ಲ. ಒಂದು ಮಧ್ಯಾಹ್ನ ತಾವೇ ಒಂದು ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಿಚಿ ಅಕ್ಕನ ಮುಂದೆ ಹಿಡಿದರು. ಅಲ್ಲಿಗೆ ಮುಗಿಯಿತು. ಎಲೆ ಆರಿಸುತ್ತ ಇದನ್ನು ನನಗೆ ಹೇಳಿದಾಗ ಅಕ್ಕನ ಮುಖ ಹುಡುಗಿಯದಾಗಿತ್ತು. "ಯಾರ ಮುಂದೂ ಹೇಳಿಲ್ಲ ನೋಡು, ನಿನಗಷ್ಟ ಹೇಳಾಕತ್ತೇನಿ" ಎಂದಿದ್ದಳು. ಮನೆಗೆ ಬಂದು ಅವತ್ತೇ ಕಥೆ ಬರೆಯಲು ಕೂತಿದ್ದೆ.

ಸಂಪಾದಕರಿಗೆ ದೂರಿನ ಪತ್ರ ಬರೆದುಕೊಂಡೇ ಸವಣೂರಿನ ಬಸ್ಸು ಹತ್ತಿದೆ. ಇದು ನಮ್ಮ ಮನೆಯ ಸಂಗತಿ ಎಂದು ಅಕ್ಕ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕಿತ್ತು. ಅವಳು ಕನ್ನಡಕ ಹಾಕಿಕೊಂಡು ಕಥೆ ಓದತೊಡಗಿದಳು. ನಾನು ಪಕ್ಕದಲ್ಲಿ ಕೂತು ಗೆಳೆಯನ ಜನ್ಮ ಜಾಲಾಡುತ್ತಿದ್ದೆ. ಸುಣ್ಣದ ಜಾಗ ಬಂದಾಗ, "ಯಾವ ದಡ್ಡ ಬರದಾನ ಇದನ್ನ?" ಎಂದು ನಕ್ಕಳು. ಮುಂದಿನ ಪುಟಕ್ಕೆ ನಗು ನಿಂತಿತು.

"ಇದನ್ನ ಅವನಿಗೆ ಯಾರು ಹೇಳಿದ್ರು?"

"ನಾ ಬರದಿದ್ದೆ ಅಕ್ಕ. ಅದನ್ನ ಅವ ಕದ್ದಾನ."

"ಅವ ನಿನ್ನ ಹಾಳಿ ಕದ್ದಾನ. ಹಾಳ್ಯಾಗ ಇದ್ದದ್ದು ಯಾರದು?"

"ನಾ ನಿನ್ನ ಹೆಸರು ಹಾಕಿರಲಿಲ್ಲ."

"ಅವನೂ ನಿನ್ನ ಹೆಸರು ಹಾಕಿಲ್ಲಲ್ಲ."

ಅವಳು ಕನ್ನಡಕ ತೆಗೆದು, ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ತುರುಕಿದಳು. "ಅವ್ರು ಓದಿದ್ರ ಏನ್ ತಿಳ್ಕೋತಾರ? ನಾನ ಊರ ತುಂಬ ಹೇಳ್ಕೊಂಡ ಬಂದೇನಿ ಅಂತಾರ. ಇಷ್ಟ ವರ್ಷ ಅವ್ರೂ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ." ದನಿ ಏರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಸಹಿಗಾಗಿ ತಂದ ಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ. ಗೆಳೆಯನನ್ನು ನಾನು ಕ್ಷಮಿಸಿಲ್ಲ, ಇದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ. ಅವನು ಮಾಡಿದ್ದು ಶುದ್ಧ ಕಳವು. ಆದರೆ ಅವನನ್ನು ಮನಸಾರೆ ಬಯ್ಯಲು ಕೂತಾಗೆಲ್ಲ ಅರ್ಧದಲ್ಲಿ ಮಾತು ತಪ್ಪುತ್ತದೆ. ನಾನು ಹಾಳೆಗೆ ಹಾಕಿದ್ದು ಸುಣ್ಣದ ಆ ತಪ್ಪೊಂದನ್ನೇ, ಮಿಕ್ಕಿದ್ದೆಲ್ಲ ಅಕ್ಕನದು.

ಎರಡು ತಿಂಗಳು ಬಿಟ್ಟು ಮತ್ತೆ ಸವಣೂರಿಗೆ ಹೋದೆ. ಅಕ್ಕ ನೆರೆಮನೆಯವಳ ಜೊತೆ ಪಡಸಾಲೆಯಲ್ಲಿ ಕೂತು, ಏನನ್ನೋ ಹೇಳಿ ಜೋರಾಗಿ ನಗುತ್ತಿದ್ದಳು. ನಾನು ಹೊಸಿಲು ದಾಟಿದ ಕೂಡಲೇ ಇಬ್ಬರೂ ಸುಮ್ಮನಾದರು. ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು, ನನಗೆ ಐವತ್ತಾದರೂ "ಬಾರೋ" ಎನ್ನುತ್ತಿದ್ದವಳು, ಎದ್ದು ಕುರ್ಚಿ ಎಳೆದು ಹಾಕಿದಳು.

"ಬರ್ರಿ, ಕುಂದರ್ರಿ" ಅಂದಳು.